ಮುಂದಿನ ಸೀಟಿನ ಗಗನಯಾತ್ರಿ

ಬರೆಯುವ ಚಟವಿರುವವರಿಗೆ ಒಂದು ದೌರ್ಬಲ್ಯವಿರುತ್ತದೆ. ಗೊತ್ತಿರುವುದನ್ನೇ ಬರೆದರೆ ಮರ್ಯಾದೆ ಸಾಲದು ಎಂದುಕೊಳ್ಳುತ್ತಾರೆ. ನನಗೆ ಗೊತ್ತಿರುವುದು ಹೆಸರಘಟ್ಟದ ಹತ್ತಿರವಿರುವ ನಮ್ಮ ಕಚೇರಿಯ ಕಡತಗಳು ಮತ್ತು ಸಂಜಯನಗರದಿಂದ ಅಲ್ಲಿಗೆ ಹೋಗುವ ದಾರಿ, ಅಷ್ಟೇ. ಆದರೂ ಒಂದು ಮಾಸಪತ್ರಿಕೆಯವರು ವಿಜ್ಞಾನ ಕಥೆಗಳ ವಿಶೇಷ ಸಂಚಿಕೆಗೆ ಕಥೆ ಕಳಿಸಿ ಎಂದಾಗ, ಶಾಲೆಯಲ್ಲಿ ವಿಜ್ಞಾನವನ್ನು ಮೂವತ್ತೈದು ಅಂಕದಲ್ಲಿ ದಾಟಿಕೊಂಡಿದ್ದ ನಾನು ಸೀದಾ ಒಂದು ಗಗನನೌಕೆಯನ್ನೇ ಹಾರಿಸಿಬಿಡುವುದೆಂದು ತೀರ್ಮಾನಿಸಿದೆ.

ನೌಕೆ ಸುಲಭವಾಗಿಯೇ ಹಾರಿತು. ತೊಂದರೆಯಾದದ್ದು ಅದರೊಳಗಿನ ಜನರಿಂದ. ಐದು ಜನ ಗಗನಯಾತ್ರಿಗಳಿಗೆ ಹೆಸರಿಟ್ಟೆ, ಸಮವಸ್ತ್ರ ತೊಡಿಸಿದೆ. ಒಬ್ಬರಾದರೂ ಮನುಷ್ಯರ ಹಾಗೆ ಬಾಯಿ ಬಿಡಲಿಲ್ಲ. ‘ಮೇಲ್ಕಂಡ ಗ್ರಹವು ಸಮೀಪಿಸುತ್ತಿರುವುದನ್ನು ತಮ್ಮ ಗಮನಕ್ಕೆ ತರಲಾಗಿದೆ’ ಎಂದು ನೌಕೆಯ ಚಾಲಕ ಹೇಳಿದಾಗ ಮೂವತ್ತು ವರ್ಷದ ಗುಮಾಸ್ತಿಕೆ ನನ್ನ ಕೈಗೆ ಏನು ಮಾಡಿದೆಯೆಂದು ತಿಳಿಯಿತು. ನನ್ನ ಹೆಂಡತಿ ಎರಡು ಪುಟ ಓದಿ, ದಿನಾ ಐದು ಜನ ಒಂದು ಡಬ್ಬಿಯೊಳಗೆ ಕೂತು ಒಂದೂವರೆ ಗಂಟೆ ಹೋಗುತ್ತೀರಲ್ಲ, ಅವರನ್ನೇ ಹಾಕಿ ಎಂದಳು. ಹೇಳಿ ಒಗ್ಗರಣೆಗೆ ಎದ್ದುಹೋದಳು.

ಅವಳು ಹೇಳಿದ ಡಬ್ಬಿ ನಮ್ಮ ಗೌಸ್ ಸಾಹೇಬರ ಕಾರು. ಅವರು ನಮ್ಮ ಕಚೇರಿಯಲ್ಲಿ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್. ಒಂಬತ್ತು ವರ್ಷಗಳಿಂದ ಅವರ ಕಾರಿನಲ್ಲಿಯೇ ನಾವು ನಾಲ್ವರು ಕೆಲಸಕ್ಕೆ ಹೋಗುವುದು. ಹಿಂದೆ ಮೂವರು. ಮಣ್ಣು ಪರೀಕ್ಷೆಯ ವಿಮಲಾ ಮೇಡಂ ಏರಿದ ಕೂಡಲೇ ಕಿಟಕಿ ಎಷ್ಟು ಇಳಿಸಬೇಕು, ಯಾರಿಗೆ ಎಷ್ಟು ಕೋಡುಬಳೆ ಎಂಬುದನ್ನು ನಿರ್ಧರಿಸುತ್ತಾರೆ. ಉಗ್ರಾಣದ ಮುನಿಕೃಷ್ಣಪ್ಪ ಹೆಬ್ಬಾಳದ ಹಳೇ ಮನೆತನದವರು. ಇಲ್ಲದಿರುವ ವಸ್ತುಗಳ ಗುರುತಿನಿಂದ ದಾರಿ ಹೇಳುವುದು ಅವರ ಪದ್ಧತಿ. ಆ ಅಪಾರ್ಟ್‌ಮೆಂಟ್ ಇರುವಲ್ಲಿ ಹುಣಸೆಮರವಿತ್ತು, ಅಲ್ಲಿಂದ ಎಡಕ್ಕೆ ತಿರುಗಿ ಎನ್ನುತ್ತಾರೆ. ಮೂರನೆಯವರಾದ ಜಯಣ್ಣ ಹತ್ತುವಾಗ ಒಮ್ಮೆ, ಇಳಿಯುವಾಗ ಒಮ್ಮೆ ಕಣ್ಣು ಬಿಡುತ್ತಾರೆ. ಮುಂದಿನ ಸೀಟು ನನ್ನದು. ಮಂಡಿನೋವಿನ ಕಾರಣಕ್ಕೆ ಸಿಕ್ಕಿದ್ದನ್ನು ನಾನು ಹಿರಿತನಕ್ಕೆ ಸಿಕ್ಕಿದ್ದೆಂದು ನಂಬಿದ್ದೆ. ಅಲ್ಲಿ ಕೂತವರಿಗೊಂದು ಕರ್ತವ್ಯವೂ ಇದೆ. ಎಡಗಡೆಯಿಂದ ನುಗ್ಗುವ ಸ್ಕೂಟರುಗಳನ್ನು ನೋಡಿ, ದಾರಿ ತೆರವಾದಾಗ ಸಾಹೇಬರಿಗೆ ‘ಬನ್ನಿ, ಬನ್ನಿ’ ಎನ್ನುತ್ತಿರಬೇಕು.

ಮರುದಿನವೇ ನನ್ನ ನೌಕೆಗೆ ಜೀವ ಬಂತು. ಚಾಲಕ ಗೌಸ್ ಸಾಹೇಬರು. ಗಾಳಿ, ಆಹಾರ ಮೇಡಂ ಕೈಯಲ್ಲಿ. ದಾರಿ ಹೇಳುವವರು ಮುನಿಕೃಷ್ಣಪ್ಪ. ಶನಿಗ್ರಹ ದಾಟುವಾಗ ಇಲ್ಲಿ ಮೊದಲು ನಮ್ಮ ತಾತನ ರಾಗಿ ಹೊಲವಿತ್ತು ಎಂದುಬಿಟ್ಟರು. ಜಯಣ್ಣನಿಗೆ ಶೀತಲ ನಿದ್ರೆಯ ಪೆಟ್ಟಿಗೆ, ಅದಕ್ಕೆ ಕಲ್ಪನೆಯೇ ಬೇಕಾಗಲಿಲ್ಲ. ನೌಕೆಯ ಕ್ಯಾಪ್ಟನ್ ಯಾರೆಂದು ಹೇಳಬೇಕಾಗಿಲ್ಲವಷ್ಟೆ.

ಜಾಲಹಳ್ಳಿಯ ಬಳಿ ದಿನಾ ಇಪ್ಪತ್ತು ನಿಮಿಷ ಕಾರು ಅಲುಗುವುದಿಲ್ಲ. ಅಷ್ಟು ಹೊತ್ತಿನಲ್ಲಿ ಒಂದೊಂದು ಕಂತು ಹೇಳತೊಡಗಿದೆ. ಎಲ್ಲರಿಗೂ ರುಚಿ ಹತ್ತಿತು. ಮೇಡಂ ತಮ್ಮ ಪಾತ್ರಕ್ಕೆ ಸ್ವಲ್ಪ ವಯಸ್ಸು ಕಡಿಮೆ ಮಾಡಿಸಿಕೊಂಡರು. ಬುಧವಾರ ನಾನು ದೊಡ್ಡ ಗಂಡಾಂತರ ತಂದೆ. ಉಲ್ಕೆಯೊಂದು ಬಡಿದು ಆಮ್ಲಜನಕ ಸೋರಿಹೋಗಿದೆ, ಉಳಿದಿರುವುದು ನಾಲ್ವರಿಗೆ ಮಾತ್ರ, ನೌಕೆಯಲ್ಲಿ ಐವರಿದ್ದಾರೆ, ಒಬ್ಬರು ಇಳಿಯಲೇಬೇಕು. ಯಾರೆಂದು ನಾಳೆ ಹೇಳುತ್ತೇನೆ ಎಂದು ನಿಲ್ಲಿಸಿದೆ. ಗೌಸ್ ಸಾಹೇಬರು ಕೈ ಚಾಚಿ ರೇಡಿಯೊ ಬಂದ್ ಮಾಡಿದರು. ಕಥೆ ಮನಸ್ಸಿಗೆ ತಟ್ಟಿದೆ ಎಂದು ನಾನು ಒಳಗೊಳಗೇ ಬೀಗಿದೆ.

ಗುರುವಾರ ಅಪರೂಪಕ್ಕೆ ಜಾಲಹಳ್ಳಿಯಲ್ಲಿ ಕಾರು ನಿಲ್ಲಲೇ ಇಲ್ಲ, ಕಂತು ಹಾಗೇ ಉಳಿಯಿತು. ಚಿಕ್ಕಬಾಣಾವರ ದಾಟಿದ ಮೇಲೆ ಗೌಸ್ ಸಾಹೇಬರು ಒಂದು ಟೀ ಅಂಗಡಿಯ ಮುಂದೆ ಕಾರು ನಿಲ್ಲಿಸಿ ಸ್ಟೀರಿಂಗಿನ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತರು.

“ಸಾರ್, ನಿಮಗೆ ಯಾರು ಹೇಳಿದ್ರು?” ಎಂದರು.

ನನಗೆ ಏನೂ ಅರ್ಥವಾಗಲಿಲ್ಲ. ಅವರೇ ಮುಂದುವರಿಸಿದರು. ಮಗಳು ಆಯಿಷಾಗೆ ಹೆಸರಘಟ್ಟ ರಸ್ತೆಯ ಕಾಲೇಜಿನಲ್ಲಿ ಸೀಟು ಸಿಕ್ಕಿದೆ. ಸೋಮವಾರದಿಂದ ತರಗತಿ. ಎರಡು ಬಸ್ಸು ಬದಲಿಸಿ ಹೋಗುತ್ತೇನೆ ಎನ್ನುತ್ತಾಳೆ, ತಾಯಿ ಒಪ್ಪುತ್ತಿಲ್ಲ. ಕಾರಿನಲ್ಲಿರುವುದು ಐದೇ ಜಾಗ. ಒಂಬತ್ತು ವರ್ಷ ಜೊತೆಗೆ ಬಂದವರಲ್ಲಿ ಯಾರಿಗೆ ಇಳಿಯಿರಿ ಎನ್ನುವುದು? ಮೂರು ವಾರದಿಂದ ಬಾಯಿಗೆ ಬಂದ ಮಾತನ್ನು ನುಂಗಿಕೊಂಡಿದ್ದರಂತೆ. “ನಾನು ಹೇಳಕ್ಕಾಗ್ದಿದ್ದನ್ನ ನೀವು ಕಥೆ ಮಾಡಿ ಹೇಳಿದ್ರಿ. ಭಾರ ಇಳಿಸಿಬಿಟ್ರಿ ಸಾರ್,” ಎನ್ನುವಾಗ ಅವರ ಕಣ್ಣು ಒದ್ದೆಯಾಗಿತ್ತು.

ನನಗೇನೂ ಗೊತ್ತಿರಲಿಲ್ಲ, ಅದು ಬರೀ ಉಲ್ಕೆ ಎಂದು ಆಗಲೇ ಹೇಳಬೇಕಾಗಿತ್ತು. ಆದರೆ ಒಬ್ಬ ಮನುಷ್ಯ ಅಷ್ಟು ಕೃತಜ್ಞತೆಯಿಂದ ನೋಡುತ್ತಿರುವಾಗ ಯಾರಿಗೆ ಬಾಯಿ ಬರುತ್ತದೆ? ನಾನು ತಲೆಯಾಡಿಸಿದೆ, ಸುಮ್ಮನೆ ಅಲ್ಲ, ಗಂಭೀರವಾಗಿ.

ಮೇಡಂ ಹಿಂದಿನಿಂದ ಬಗ್ಗಿ, “ಯಾರು ಇಳೀತಾರೆ ಅಂತ ಬರ್ದಿದ್ದೀರಾ ಸಾರ್?” ಎಂದರು. ಆ ಕಂತು ಬರೆದ ಕಾಗದ ಜೇಬಿನಲ್ಲಿಯೇ ಇತ್ತು. ತಂದಿಲ್ಲ ಎನ್ನಲು ನೋಡಿದೆ, ತುದಿ ಹೊರಗೆ ಕಾಣುತ್ತಿತ್ತು. ಅವರೇ ಎಳೆದುಕೊಂಡು ಗಟ್ಟಿಯಾಗಿ ಓದಿದರು. ಕ್ಯಾಪ್ಟನ್ ತನ್ನ ಸಂಗಾತಿಗಳನ್ನು ಒಬ್ಬೊಬ್ಬರನ್ನಾಗಿ ನೋಡಿ, ಮುಗುಳ್ನಕ್ಕು, ‘ನೀವು ಹೋಗಿ ಬನ್ನಿ, ನನ್ನ ಪ್ರಯಾಣ ಇಷ್ಟೇ’ ಎಂದು ಬಾಗಿಲು ತೆರೆದು ನಕ್ಷತ್ರಗಳ ನಡುವೆ ಇಳಿದುಹೋಗುತ್ತಾನೆ. ಬರೆಯುವಾಗ ನನಗೇ ಅಳು ಬಂದಿತ್ತು. ಈಗಲೂ ಬಂತು, ಕಾರಣ ಮಾತ್ರ ಬೇರೆ.

ಮುನಿಕೃಷ್ಣಪ್ಪ ನನ್ನ ಹೆಗಲ ಮೇಲೆ ಕೈಯಿಟ್ಟರು. “ಇಂಗೆ ಮನ್ಸು ಮಾಡೋರು ಯಾರವ್ರೆ ಸ್ವಾಮಿ,” ಎಂದರು. ಜಯಣ್ಣ ಒಂಬತ್ತು ವರ್ಷಗಳಲ್ಲಿ ಮೊದಲ ಬಾರಿಗೆ ನಡುದಾರಿಯಲ್ಲಿ ಕಣ್ಣು ತೆರೆದು, ಕಥೆ ಚೆನ್ನಾಗಿ ಮುಗಿಯಿತೆಂದು ಹೇಳಿ ಮತ್ತೆ ಮುಚ್ಚಿಕೊಂಡರು. ಅಂದು ಟೀ ಕೊಡಿಸಿದವರು ಗೌಸ್ ಸಾಹೇಬರು. ಅದು ಆರುವವರೆಗೂ ನಾನು ಲೋಟ ಹಿಡಿದುಕೊಂಡೇ ನಿಂತೆ. ಆ ಸೀಟಿಗಿಂತ ಆ ಜನರನ್ನು ಬಿಡುವುದು ನನಗೆ ಕಷ್ಟವಾಗಿತ್ತು. ಕಚೇರಿಯಲ್ಲೂ ಅವರೇ ಇದ್ದಾರೆ, ನಿಜ. ಆದರೆ ಅಲ್ಲಿ ನಾವು ಬೇರೆ ಬೇರೆ ವಿಭಾಗ.

ಸೋಮವಾರದಿಂದ ನಾನು ಬಸ್ಸಿಗೆ ಹೋಗುತ್ತಿದ್ದೇನೆ. ಆಯಿಷಾ ಮೊದಲ ದಿನ ನಮ್ಮ ಮನೆಗೇ ಬಂದು, “ಅಂಕಲ್, ನಿಮ್ಮ ಕಥೆ ಅಬ್ಬಾ ಮನೆಯಲ್ಲಿ ಹೇಳಿದ್ರು, ಅಮ್ಮೀ ಅತ್ತುಬಿಟ್ರು,” ಎಂದು ಡಬ್ಬಿ ತುಂಬ ಶ್ಯಾವಿಗೆ ಪಾಯಸ ಕೊಟ್ಟು ಹೋದಳು. ಅದಾದ ಮೇಲೆ ನಿಜ ಹೇಳುವ ದಾರಿ ಪೂರ್ತಿ ಮುಚ್ಚಿಹೋಯಿತು. ಜಾಲಹಳ್ಳಿಯಲ್ಲಿ ಒಮ್ಮೊಮ್ಮೆ ನನ್ನ ಬಸ್ಸೂ ಅವರ ಕಾರೂ ಅಕ್ಕಪಕ್ಕ ನಿಲ್ಲುತ್ತವೆ. ಆಯಿಷಾ ಎಡಗಡೆ ನೋಡಿ ‘ಬನ್ನಿ, ಬನ್ನಿ’ ಎನ್ನುತ್ತಿರುತ್ತಾಳೆ, ನನಗಿಂತ ಚುರುಕಾಗಿ. ಮೇಡಂ ಬಸ್ಸಿನ ಕಿಟಕಿಗೆ ಕೋಡುಬಳೆ ಚಾಚುತ್ತಾರೆ. ಕಿಟಕಿಯ ಪಕ್ಕ ಕೂತವರು ಅದನ್ನು ತೆಗೆದುಕೊಂಡು, ನನಗೆ ಅರ್ಧ ಕೊಡುತ್ತಾರೆ.

ಮೊನ್ನೆ ಬಸ್ಸು ಹಾಗೆ ನಿಂತಿದ್ದಾಗಲೇ, ಸೀಟು ಸಿಗದೆ ನಿಂತಿದ್ದ ನನಗೆ ಪತ್ರಿಕೆಯಿಂದ ಉತ್ತರ ಬಂತು. ಮೊಬೈಲನ್ನು ಒಂದು ಕೈಯಲ್ಲಿ, ಮೇಲಿನ ಕಂಬಿಯನ್ನು ಇನ್ನೊಂದು ಕೈಯಲ್ಲಿ ಹಿಡಿದು ಓದಿದೆ. ನೌಕೆ, ಉಲ್ಕೆ, ಶನಿಗ್ರಹದ ರಾಗಿ ಹೊಲ ಎಲ್ಲವೂ ಒಪ್ಪುವಂತಿವೆಯಂತೆ. ಆದರೆ ಒಬ್ಬ ಮನುಷ್ಯ ಯಾರ ಬಲವಂತವೂ ಇಲ್ಲದೆ, ತಾನಾಗಿ, ನಗುತ್ತಾ ತನ್ನ ಜಾಗ ಬಿಟ್ಟು ಏಳುತ್ತಾನೆ ಎಂಬುದನ್ನು ಓದುಗರು ನಂಬುವುದಿಲ್ಲವಂತೆ. ನನ್ನ ಪಕ್ಕದಲ್ಲಿ ಕೂತಿದ್ದವರತ್ತ ನೋಡಿದೆ, ಮಂಡಿಯನ್ನೂ ಒಮ್ಮೆ ತಿಕ್ಕಿಕೊಂಡೆ. ಅವರು ಕಿಟಕಿಯ ಕಡೆ ಮುಖ ತಿರುಗಿಸಿ ಕೋಡುಬಳೆ ತಿನ್ನುತ್ತಿದ್ದರು. ಸಂಪಾದಕರಿಗೆ, ತಮ್ಮ ಮಾತು ಸರಿಯಾಗಿದೆ ಎಂದು ಅಲ್ಲಿಂದಲೇ ಉತ್ತರ ಬರೆದೆ.