ಒಂದು ಮನೆಯೂ ಖಾಲಿ ಇರಕೂಡದು

ಜನರ ಮೈಯ ಲೆಕ್ಕ ಬರೆಯೋಕೆ ಹೊರಟವನಿಗೆ ಪೇಚಾಟಕ್ಕೆ ಬರವೇ ಇಲ್ಲ. ಅರವತ್ತರ ದಶಕದಲ್ಲಿ ನಾನು ಕ್ಷಯರೋಗದ ಸರ್ವೆಯಲ್ಲಿದ್ದೆ. ಎರಡು ವರ್ಷಕ್ಕೊಮ್ಮೆ ಅದೇ ಹಳ್ಳಿ, ಅದೇ ಜನ. ತೂಕ ನೋಡಿ, ಕಫ ತಗೊಂಡು, ರಿಜಿಸ್ಟರಿನ ಚೌಕಗಳನ್ನು ತುಂಬಬೇಕು. ಆ ಚೌಕಕ್ಕೆ ನಾವು 'ಮನೆ' ಅಂತಿದ್ದೆವು. ನಮ್ಮ ಸಾಹೇಬರದು ಒಂದೇ ಮಂತ್ರ: "ಒಂದು ಮನೆಯೂ ಖಾಲಿ ಇರಕೂಡದು. ಅಂದಾಜಿನಲ್ಲೂ ತುಂಬಕೂಡದು." ನನ್ನದೋ ಟೆಂಪರರಿ ನೌಕರಿ. ಖಾಲಿ ಬಿಟ್ಟರೆ ಕೆಲಸ ಖಾಯಂ ಆಗೋದಿಲ್ಲ ಅಂತ ಬೇರೆ ಹೆದರಿಸಿದ್ದರು.

ಕಳ್ಳಂಬೆಳ್ಳದ ಕಡೆ

ಅರಳಿಕಟ್ಟೆ ಮೇಲೆ ರಿಜಿಸ್ಟರ್ ಬಿಚ್ಚಿ, "ಅಯ್ಯೋ ದೇವರೇ, ಈ ಊರಲ್ಲಿ ಐದು ಮನೆ ಖಾಲಿ!" ಅಂತ ತಲೆ ಮೇಲೆ ಕೈ ಹೊತ್ತು ಕೂತೆ. ಪಕ್ಕದಲ್ಲಿದ್ದ ಊರ ಗೌಡರು, "ಐದೆಲ್ಲೈತೆ ಸ್ವಾಮಿ? ಇರಾದು ಒಂದೇ. ಬಾಡ್ಗೆ ಏನೂ ಬ್ಯಾಡ, ಹೆಂಡ್ತಿ ಮಕ್ಳ ಕರ್ಕೊಂಡು ಬಂದ್ಬುಡಿ" ಅಂದರು.

"ನನಗಿನ್ನೂ ಮದುವೆ ಆಗಿಲ್ಲ ಗೌಡ್ರೇ."

ಸಾಯಂಕಾಲದೊಳಗೆ ಎರಡು ಜಾತಕ ಬಂದವು.

ಮಧುಗಿರಿಯ ಮೇಷ್ಟ್ರು

ಮೇಷ್ಟ್ರು ತೂಕದ ಮಿಷನ್ ಹತ್ತಿ ಇಳಿದರು. ಅವರ ಹೆಂಡತಿ ಅಡುಗೆಮನೆ ಬಿಟ್ಟು ಬರಲೊಲ್ಲರು. "ಅದಕ್ಯಾಕೆ ತಲೆ ಕೆಡಿಸ್ಕೋತೀರಿ? ಹೇಳಿ ಕೇಳಿ ಅರ್ಧಾಂಗಿ. ನನ್ನ ತೂಕದಲ್ಲಿ ಅರ್ಧ ಬರ್ಕೊಳ್ಳಿ" ಅಂದರು ಮೇಷ್ಟ್ರು.

ಒಳಗೆ ಸೌಟು ಕುಕ್ಕಿದ ಸದ್ದಾಯಿತು. ಆಯಮ್ಮ ಸೆರಗು ಸಿಕ್ಕಿಸಿಕೊಂಡು ಬಂದು ಮಿಷನ್ ಹತ್ತಿಯೇಬಿಟ್ಟರು. ಮುಳ್ಳು ಗಂಡನ ತೂಕ ದಾಟಿ ಎಲ್ಲಿಗೋ ಹೋಗಿ ನಿಂತಿತು.

"ನಂದು ಸರಿಯಾಗಿ ಬರ್ಕೊಳ್ಳಿ. ಅವರ್ದು ಹೊಡೆದಾಕಿ, ನಂದ್ರಲ್ಲಿ ಅರ್ಧ ಅಂತ ಹಾಕಿ!"

ಪಾವಗಡದ ಅಜ್ಜಿ

ಆ ಸುತ್ತಿನಲ್ಲಿ ಕೊನೆಗೆ ಉಳಿದದ್ದು ಪಾವಗಡದ ಕಡೆಯ ಒಬ್ಬ ಅಜ್ಜಿಯ ಕಫದ ಮನೆ. ಮೂರು ಸಲ ಹೋದರೂ ಕಫಕ್ಕೆಂದು ಕೊಟ್ಟಿದ್ದ ಡಬ್ಬಿ ಒಣಗಿದ್ದು ಒಣಗಿದಂಗೇ ಇತ್ತು. ಕಡೆಗೆ ನಾಚಿಕೆ ಬಿಟ್ಟು, "ಅಜ್ಜೀ, ನಿಮ್ಮದೊಂದು ತುಂಬಲಿಲ್ಲ ಅಂದ್ರೆ ನನ್ನ ಕೆಲಸ ಹೋಗ್ತದೆ" ಅಂದೆ.

ಅಜ್ಜಿ ಕಣ್ಣೀರು ಹಾಕಿತು. "ನನ್ನಿಂದ ನಿನ್ ಹೊಟ್ಟೆಪಾಡು ಹೋಗಾದು ಬ್ಯಾಡ ನಾಯನಾ. ನಾಳೆ ಬಾ."

ಮಾರನೇ ದಿನ ಡಬ್ಬಿ ತುಂಬಿತ್ತು. ಪರೀಕ್ಷೆಯಲ್ಲಿ ರೋಗ ಇದೆ ಅಂತ ಬಂತು. ಪಾಪ ಅಂತ ಸಂಕಟಪಡುತ್ತಾ ಮಾತ್ರೆ ಹಿಡಕೊಂಡು ಓಡಿದೆ.

"ನಂಗ್ಯಾಕೆ ಮಾತ್ರೆ? ನಂಗೆ ಕೆಮ್ಮೇ ಇಲ್ಲ. ಅದು ನಮ್ಮ ಅಳಿಯಂದು" ಅಂದಿತು ಅಜ್ಜಿ.

ಆ ಅಳಿಯ ನಮ್ಮನ್ನು ಕಂಡರೆ ಹಿತ್ತಿಲಿಂದ ಓಡಿಹೋಗುವ ಆಸಾಮಿ. ಹಿಡಿದು ಕೂರಿಸಿ ಮತ್ತೆ ಪರೀಕ್ಷೆ ಮಾಡಿಸಿದೆವು. ರೋಗ ಅವನಿಗೇ ಇತ್ತು.

ನೌಕರಿ ಹೋಯಿತೆಂದುಕೊಂಡೇ ಸಾಹೇಬರಿಗೆ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳೋಷ್ಟು ನಕ್ಕರು. "ಅಜ್ಜಿ ಮನೆ ಖಾಲಿ ಬಿಡಯ್ಯಾ. ಪಕ್ಕದಲ್ಲಿ ಕಾರಣ ಬರಿ" ಅಂದರು. 'ಕಫ ಇಲ್ಲ, ಕೆಮ್ಮಿಲ್ಲದ ಕಾರಣ' ಅಂತ ಬರೆದೆ. ಕೆಲಸ ಖಾಯಂ ಆಯಿತು.

ಎರಡು ವರ್ಷ ಬಿಟ್ಟು ಮತ್ತೆ ಹೋದಾಗ ಅಳಿಯ ಗುಣವಾಗಿ ಗುಂಡುಕಲ್ಲಿನಂತೆ ಓಡಾಡುತ್ತಿದ್ದ. ನೋಡಿ ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಅಜ್ಜಿ ನನ್ನನ್ನು ಕಂಡದ್ದೇ ತಾನಾಗಿ ಕೈ ಚಾಚಿ ಡಬ್ಬಿ ಇಸ್ಕೊಂಡು, ಕಿವಿ ಹತ್ತಿರ ಬಂದು ಕೇಳಿತು:

"ಈ ಸಲ ಯಾರ್ದು ತರ್ಲಿ ನಾಯನಾ?"