ಜಿಂಕೆ ಮಾಫಿ

ಬಹಳ ವರ್ಷ ಗಲ್ಫಿನಲ್ಲಿದ್ದವನ ನಾಲಿಗೆಯನ್ನು ನಂಬಬಾರದು. ಇದನ್ನು ಬೇರೆಯವರನ್ನು ನೋಡಿ ಹೇಳುತ್ತಿಲ್ಲ, ನನ್ನದೇ ನಾಲಿಗೆಯ ಮೇಲೆ ದೂರು ಕೊಡುತ್ತಿದ್ದೇನೆ. ಮನೆಯಲ್ಲಿ ಕೊಂಕಣಿ, ಊರಿನವರೊಡನೆ ತುಳು, ಪ್ಲಾಂಟಿನಲ್ಲಿ ಹಿಂದಿ, ಮೇಲಿನವರ ಮುಂದೆ ಇಂಗ್ಲಿಷ್, ಟ್ಯಾಕ್ಸಿಯಲ್ಲಿ ಅರಬ್ಬಿಯ ಏಳೆಂಟು ಶಬ್ದ. ಹತ್ತೊಂಬತ್ತು ವರ್ಷ ಹೀಗೆ ಕಳೆದ ಮೇಲೆ ಯಾವ ಮಾತು ಯಾವ ಭಾಷೆಯದ್ದೆಂಬ ಲೆಕ್ಕವೇ ತಪ್ಪಿಹೋಗಿದೆ. ಕಳೆದ ರಜೆಯಲ್ಲಿ ಊರಿನ ಇಗರ್ಜಿಯಲ್ಲಿ ಪಾದ್ರಿಯವರು ಪ್ರಸಂಗ ಮುಗಿಸಿ ಕುಳಿತಾಗ, ಪಕ್ಕದವರಿಗೆ ಮೆಲ್ಲಗೆ ‘ಖಲಾಸ್’ ಅಂದೆ. ಮುಗಿಯಿತು ಎಂಬ ಅರ್ಥದಲ್ಲಿ. ಪಾಪ, ಅವರು ಪಾದ್ರಿಯವರಿಗೆ ಏನೋ ಆಗಿಹೋಯಿತೆಂದು ಗಾಬರಿಯಿಂದ ಎದ್ದು ನಿಂತರು. ಆಗಲೇ ನಾನು ಬುದ್ಧಿ ಕಲಿಯಬೇಕಿತ್ತು. ಕಲಿಯಲಿಲ್ಲ.

ನಾವಿರುವುದು ಅಬುಧಾಬಿ ಪಟ್ಟಣದಿಂದ ಬಹುದೂರದ ರುವೈಸಿನ ಕಂಪನಿ ಕ್ವಾರ್ಟರ್ಸಿನಲ್ಲಿ. ನನ್ನ ಉದ್ಯೋಗ ಪೈಪುಗಳನ್ನು ನೋಡುವುದು. ಸೋರಿಕೆ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ ಎಂದು ಬರೆಯುವುದು. ಹೆಂಡತಿ ಜೆಸಿಂತಾ ಅಬುಧಾಬಿಯಲ್ಲಿ ನರ್ಸ್ ಆಗಿದ್ದವಳು, ನನ್ನ ವರ್ಗವಾದ ಮೇಲೆ ಕೆಲಸ ಬಿಟ್ಟು ಇಲ್ಲಿಗೆ ಬಂದಳು. ಮೊದಲ ವರ್ಷವಿಡೀ ಕಿಟಕಿಯ ಮುಂದೆ ಕುಳಿತು ಪಾರ್ಕಿಂಗ್ ನೋಡುತ್ತಿದ್ದಳು. ಯಾವ ಕಾರು ಯಾರದ್ದೆಂದು ಬಾಯಿಪಾಠವಾಗಿತ್ತು. ಆಮೇಲೆ ಕ್ವಾರ್ಟರ್ಸಿನ ಹಿಂದಿನ ಖಾಲಿ ಜಾಗವನ್ನು ಪ್ಲಾಟು ಮಾಡಿ ತರಕಾರಿ ಬೆಳೆಯಲು ಬಿಟ್ಟುಕೊಟ್ಟರು. ಅಬುಧಾಬಿಯ ರೀಮ್ ಐಲ್ಯಾಂಡಿನ ಮೂವತ್ತನೆಯ ಮಾಳಿಗೆಯಲ್ಲಿರುವ ಗೆಳತಿಯ ಬಾಲ್ಕನಿಯಿಂದ ಜೆಸಿಂತಾ ಒಂದು ಬಸಳೆ ದಂಟು ತಂದು ಊರಿದಳು. ಅದು ಚಪ್ಪರ ಹತ್ತಿತು. ಇವಳೂ ಚೇತರಿಸಿಕೊಂಡಳು. ನಾಲ್ಕು ಜನ ಗೆಳತಿಯರಾದರು, ನಗು ಬಂತು, ಮನೆಗೆ ದಿನಾ ಬಸಳೆ ಪದಾರ್ಥ ಬಂತು. ಈ ಕೊನೆಯದರ ಬಗ್ಗೆ ಮಾತ್ರ ನಾನು ಗೊಣಗುತ್ತಿದ್ದೆ.

ಅಷ್ಟರಲ್ಲಿ ಜಿಂಕೆಗಳು ಬಂದವು. ದೂರದ ಯಾವುದೋ ಫಾರ್ಮಿನ ಬೇಲಿ ಬಿದ್ದು ಎಂದೋ ತಪ್ಪಿಸಿಕೊಂಡವುಗಳ ಮಕ್ಕಳು ಮೊಮ್ಮಕ್ಕಳಂತೆ. ತಮ್ಮದೆನ್ನುವವರು ಯಾರೂ ಇಲ್ಲ. ನಸುಕಿನಲ್ಲಿ ಹದಿನೈದಿಪ್ಪತ್ತು ಸೇರಿ ಬಂದು, ನಾಜೂಕಾಗಿ ನಿಂತು, ಒಂದು ಸಾಲು ಹರಿವೆಯನ್ನು ಬುಡ ಸಮೇತ ಮುಗಿಸಿ ಹೋಗುತ್ತಿದ್ದವು. ಊರಿನಲ್ಲಿ ಓದುತ್ತಿರುವ ಮಗಳಿಗೆ ಫೋಟೋ ಕಳಿಸಿದರೆ “ಸೋ ಕ್ಯೂಟ್, ಪಪ್ಪಾ” ಅಂದಳು. ಕಲ್ಲು ಹೊಡೆಯುವಂತಿಲ್ಲ. ಕಾನೂನಿದೆ, ಅದಕ್ಕಿಂತ ಹೆಚ್ಚಾಗಿ ನಮ್ಮ ಕೈಗೆ ವೀಸಾದ ಹೆದರಿಕೆ ಇದೆ. ಜಿಂಕೆ ರಸ್ತೆಗೂ ನುಗ್ಗತೊಡಗಿದಾಗ ಕ್ವಾರ್ಟರ್ಸಿನ ಆಫೀಸಿನವರು ಕರೆದು ಹೇಳಿದರು: ನಿಮ್ಮ ಸೊಪ್ಪಿಗಾಗಿ ಅವು ಬರುತ್ತಿವೆ, ನೀವೇ ನೋವಾಗದಂತೆ ಒಂದು ಕಡೆ ಕೂಡಿಹಾಕಿ, ಗುರುವಾರ ಗಾಡಿ ಬಂದು ಸಂರಕ್ಷಿತ ಜಾಗಕ್ಕೆ ಒಯ್ಯುತ್ತದೆ, ಆಗದಿದ್ದರೆ ಪ್ಲಾಟುಗಳನ್ನೇ ತೆಗೆಸುತ್ತೇವೆ. ಜೆಸಿಂತಾ ಆ ದಿನ ಊಟ ಮಾಡಲಿಲ್ಲ. ಅವಳು ಮತ್ತೆ ಆ ಕಿಟಕಿಯ ಮುಂದೆ ಹೋಗಿ ಕೂರುತ್ತಾಳೆಂದು ನನಗೂ ನಿಜವಾಗಿ ಹೆದರಿಕೆಯಾಯಿತು.

ಪ್ಲಾಟಿನವರ ಸಮಿತಿಯಾಯಿತು. ಸಭೆಗೆ ನಾನು ಸಮೋಸದ ಆಸೆಗೆ ಹೋಗಿದ್ದೆ, ಬರುವಾಗ ಮುಖ್ಯಸ್ಥನಾಗಿದ್ದೆ. ದಿನವಿಡೀ ನೋಡಿ ಬರೆಯುವುದೇ ಕೆಲಸವಾದವನು ಇದಕ್ಕೆ ಯೋಗ್ಯನೆಂದು ಹಮೀದ್ ಭಾಯ್ ಸೂಚಿಸಿದರು. ಹಮೀದ್ ಭಾಯ್ ಉಳ್ಳಾಲದ ಕಡೆಯ ಬ್ಯಾರಿಗಳು, ಸ್ಟೋರ್ಸಿನಲ್ಲಿದ್ದಾರೆ, ಬೆಂಡೆಕಾಯಿ ಬೆಳೆಯುತ್ತಾರೆ. ಪ್ಲಾಟುಗಳ ಪಕ್ಕದಲ್ಲಿ ಪಾಳುಬಿದ್ದ ಸಸಿಗಳ ನರ್ಸರಿಯೊಂದಕ್ಕೆ ತಂತಿಬೇಲಿಯೂ ಗೇಟೂ ಇತ್ತು. ಅದರೊಳಗೆ ಎಲ್ಲರೂ ಕೋಸಿನ ಹೊರಗಿನ ಎಲೆ, ಮೂಲಂಗಿ ಸೊಪ್ಪು ಹಾಕಿ ಮೂರು ದಿನ ಗೇಟು ತೆರೆದಿಟ್ಟೆವು. ಜಿಂಕೆಗಳು ನೆಂಟರ ಮನೆಗೆ ಬಂದಂತೆ ಬಂದು ತಿಂದು ಹೋಗತೊಡಗಿದವು. ಗುರುವಾರ ಬೆಳಿಗ್ಗೆ ಅವು ಒಳಹೊಕ್ಕ ಕೂಡಲೇ ಗೇಟು ಹಾಕುವ ಕೆಲಸ ಪಾಟೀಲರದ್ದು. ಹೊರಗೆ ಯಾವುದಾದರೂ ಉಳಿದಿದೆಯೇ ಎಂದು ಪ್ಲಾಟುಗಳನ್ನೆಲ್ಲ ಸುತ್ತಿ ನೋಡಿ ಮೊಬೈಲ್ ಗ್ರೂಪಿನಲ್ಲಿ ಬರೆಯುವುದು ನನ್ನದು. ಪಾಟೀಲರು ಕಲಬುರಗಿಯವರು, ರುವೈಸಿಗೆ ಬಂದು ಎರಡು ತಿಂಗಳಾಗಿತ್ತು. ಬಹಳ ಸಜ್ಜನರು, ಕನಿಕರದವರು. ಈ ಕನಿಕರದ ಸಂಗತಿಯನ್ನು ನಾನು ಗಮನಿಸಬೇಕಿತ್ತು.

ಗುರುವಾರ ಎಲ್ಲವೂ ಅಂದುಕೊಂಡಂತೆ ನಡೆಯಿತು. ಹಿಂಡು ಒಳಹೊಕ್ಕಿತು, ಪಾಟೀಲರು ಗೇಟು ಹಾಕಿದರು. ನಾನು ಒಂದೊಂದೇ ಪ್ಲಾಟು ನೋಡುತ್ತ ಬಂದೆ. ಎಲ್ಲೂ ಒಂದು ಜಿಂಕೆಯಿಲ್ಲ. ಹೆಮ್ಮೆಯಿಂದ ಗ್ರೂಪಿನಲ್ಲಿ ಬರೆದೆ: ‘ಜಿಂಕೆ ಮಾಫಿ.’ ಇಲ್ಲಿ ಹಾಲು ಮಾಫಿ ಅಂದರೆ ಹಾಲು ಇಲ್ಲ, ಕರೆಂಟ್ ಮಾಫಿ ಅಂದರೆ ಕರೆಂಟ್ ಇಲ್ಲ. ಇಲ್ಲಿ ಬಹಳ ಕಾಲದಿಂದ ಇರುವವರೆಲ್ಲ ಸರಿಯಾಗಿ ಓದಿಕೊಂಡರು. ಬಿಸಿ ಚಹಾ ಕುಡಿಯೋಣವೆಂದು ಮನೆಯತ್ತ ತಿರುಗಿದೆ. ಹತ್ತು ಹೆಜ್ಜೆ ಹಾಕಿರಲಿಲ್ಲ, ಇಡೀ ಹಿಂಡು ನನ್ನನ್ನು ದಾಟಿಕೊಂಡು ಪ್ಲಾಟುಗಳ ಕಡೆಗೆ ಓಡಿತು.

ನಾನು ಏದುಸಿರು ಬಿಡುತ್ತ ಗೇಟಿನ ಹತ್ತಿರ ಬಂದಾಗ ಪಾಟೀಲರು ಒಂದು ಪುಣ್ಯದ ಕೆಲಸ ಮುಗಿಸಿದವರ ಮುಖದಲ್ಲಿ ನಿಂತಿದ್ದರು. ಯಾಕೆ ಬಿಟ್ಟಿರೆಂದು ಕೇಳಿದೆ.

“ನೀವ ಬರದೀರಲ್ರೀ ಸರ್, ಜಿಂಕಿ ಮಾಫಿ ಅಂತ,” ಅಂದರು ಪಾಟೀಲರು. “ಆಫೀಸ್‌ನವ್ರು ಮಾಫಿ ಮಾಡ್ಯಾರ ಅಂತ ತಿಳಕೊಂಡೆ. ಮಾಫಿ ಆದ ಮ್ಯಾಲ ಒಳಗ ಕೂಡಿಹಾಕಿದ್ರ ಪಾಪ ಬರ್ತದ್ರೀ.”

ಹಮೀದ್ ಭಾಯ್ ಓಡಿ ಬಂದರು. ಅವರ ಬೆಂಡೆ ಗಿಡಗಳು ಅಷ್ಟರಲ್ಲಿ ಕಡ್ಡಿಗಳಾಗಿದ್ದವು. ಆದರೂ ಪಾಟೀಲರಿಗೆ ಅವರು ಒಂದು ಮಾತು ಅನ್ನಲಿಲ್ಲ. ನನ್ನ ಕಡೆಗೇ ತಿರುಗಿ, “ಅಲ್ಲ ಮಾರಾಯ್ರೆ, ಇಲ್ಲ ಅಂತ ಬರೆಯಲಿಕ್ಕೂ ಎರಡೇ ಅಕ್ಷರ ಅಲ್ವಾ?” ಅಂದರು.

ಗಾಡಿ ಬಂತು, ಖಾಲಿ ನರ್ಸರಿ ನೋಡಿತು, ಹೋಯಿತು. ಆಫೀಸಿನವರು ಇನ್ನೊಂದು ಗುರುವಾರ ಕೊಟ್ಟರು, ಅದೇ ಕೊನೆಯದೆಂದೂ ಹೇಳಿದರು. ಸಮಿತಿಯವರು ನನ್ನನ್ನು ಕೆಳಗಿಳಿಸಿ ಜೆಸಿಂತಾಳನ್ನು ಮುಖ್ಯಸ್ಥೆ ಮಾಡಿದರು. ಆದರೆ ಈಗ ಹೊಸ ತಾಪತ್ರಯ. ಆ ಬೆಳಿಗ್ಗೆ ಜಿಂಕೆಗಳು ಜೆಸಿಂತಾಳ ಚಪ್ಪರದ ಕೆಳಗಿನ ಅರ್ಧ ಬಸಳೆಯನ್ನು ತಿಂದಿದ್ದವು. ಒಮ್ಮೆ ಬಸಳೆಯ ರುಚಿ ಕಂಡ ಮೇಲೆ ಅವು ಕೋಸಿನ ಎಲೆಯನ್ನು ಮೂಸಿ ಕೂಡ ನೋಡಲೊಲ್ಲವು. ಸೋಮವಾರ ಒಳಗೆ ಬರಲಿಲ್ಲ, ಮಂಗಳವಾರವೂ ಬರಲಿಲ್ಲ. ನರ್ಸರಿಯ ಹೊರಗೆ ನಿಂತು, ನಮ್ಮ ಚಪ್ಪರದ ಮೇಲೆ ಎಟುಕದೆ ಉಳಿದ ಬಳ್ಳಿಯನ್ನೇ ನೋಡುತ್ತಿದ್ದವು.

ಬುಧವಾರ ಸಂಜೆ ಜೆಸಿಂತಾ ಕತ್ತಿ ತೆಗೆದುಕೊಂಡು ಹೊರಟಳು. ನಾನೂ ಹಿಂದೆ ಹೋದೆ. ಚಪ್ಪರದ ಮೇಲೆ ಉಳಿದಿದ್ದ ಬಳ್ಳಿಯನ್ನೆಲ್ಲ ಅವಳು ತಾನೇ ಕೊಯ್ದು ಕೆಳಗೆಳೆದಳು. ಸ್ವಲ್ಪವಾದರೂ ಉಳಿಸಿಕೋ ಅಂದೆ. ಉಳಿಸಿದರೆ ಅವು ಇಲ್ಲಿಗೇ ಬರುತ್ತವೆ, ನಾಳೆ ಎಲ್ಲರ ಪ್ಲಾಟೂ ಹೋಗುತ್ತದೆ ಅಂದಳು. ಅಳಲಿಲ್ಲ. ಬುಡವನ್ನಷ್ಟೇ ಬಿಟ್ಟು, ಅದರ ಮೇಲೆ ಬಕೆಟ್ ಕವುಚಿ ಹಾಕಿ ಕಲ್ಲಿಟ್ಟಳು. ಆ ಹೊರೆಯನ್ನು ನರ್ಸರಿಗೆ ಹೊತ್ತವನು ನಾನು. ಇಡೀ ಚಳಿಗಾಲ ‘ಇವತ್ತೂ ಬಸಳೆಯಾ’ ಎಂದು ಮುಖ ಸಿಂಡರಿಸಿದವನಿಗೆ ಅಂದು ಅದು ಹೊರಲಾರದಷ್ಟು ಭಾರವಾಗಿತ್ತು.

ಮರುದಿನ ಜಿಂಕೆಗಳೆಲ್ಲ ಒಳಗೆ ಬಂದವು. ಜೆಸಿಂತಾ ಗ್ರೂಪಿನಲ್ಲಿ ಕರ್ತೃ, ಕರ್ಮ, ಕ್ರಿಯಾಪದ ಎಲ್ಲ ಇರುವ ಮೂರು ವಾಕ್ಯ ಬರೆದಳು. ಗಾಡಿ ತುಂಬಿಕೊಂಡು ಹೋಯಿತು. ಪಾಟೀಲರು ಕೈ ಬೀಸಿದರು. ಪ್ಲಾಟುಗಳು ಉಳಿದವು.

ಅಂದು ಮಧ್ಯಾಹ್ನ ಕೋಸಿನ ಪಲ್ಯ ಇತ್ತು. ನಾನು ಎರಡು ಸಲ ಹಾಕಿಸಿಕೊಂಡು, ಬಸಳೆಯಿಲ್ಲದೆ ಊಟವೇ ಸೇರುವುದಿಲ್ಲವೆಂದು ಹೇಳಿದೆ. ಜೆಸಿಂತಾ ಪಲ್ಯದ ಪಾತ್ರೆ ಮುಚ್ಚಿದಳು.

“ಬಸಳೆ ಬೇಕಾದರೆ ಬೇಗ ಏಳು,” ಅಂದಳು. “ಬುಡಕ್ಕೆ ದಿನಾ ನೀರು ಬೇಕು.”

ಆದ್ದರಿಂದ ಈಗ ನಸುಕಿನಲ್ಲಿ ನಾನು ಬಕೆಟ್ ಹಿಡಿದು ಪ್ಲಾಟಿಗೆ ಹೋಗುತ್ತೇನೆ. ಮತ್ತೆ ಜಿಂಕೆಗಳು ಬಾರದಿರಲೆಂದು ಸಮಿತಿಯವರು ಸುತ್ತಲೂ ಬೇಲಿ ಹಾಕಿಸಿದ್ದಾರೆ, ಗೇಟಿಗೆ ಹೊರಗಿನಿಂದ ಚಿಲಕ. ನಾನು ಒಳಹೊಕ್ಕ ಮೇಲೆ ಜೆಸಿಂತಾ ಅದನ್ನು ಹಾಕಿಕೊಂಡು ಗೆಳತಿಯರೊಡನೆ ವಾಕಿಂಗ್ ಹೋಗುತ್ತಾಳೆ. ಬಸಳೆಯ ಆಸೆ ತೋರಿಸಿ ಈ ಊರಿನಲ್ಲಿ ಕೂಡಿಹಾಕಿದ ಪ್ರಾಣಿಗಳಲ್ಲಿ ಗಾಡಿ ಬಂದು ಒಯ್ಯದೆ ಉಳಿದವನು ನಾನೊಬ್ಬನೇ.