ಪಿಸ್ತೂಲಿಗೆ ಪೂಜೆ

ನಂಜನಗೂಡಿಗೆ ವರ್ಗ ಬೇಕೆಂದು ಹೆಡ್ ಕಾನ್‌ಸ್ಟೆಬಲ್ ಶಿವಮಲ್ಲಪ್ಪ ಆರು ವರ್ಷದಿಂದ ಅರ್ಜಿ ಹಾಕುತ್ತಲೇ ಇದ್ದ. ಹೆಂಡತಿ ರುದ್ರಾಣಿ ಅಲ್ಲಿ ಸ್ಕೂಲ್ ಟೀಚರು. ಇವನು ನರಸೀಪುರ ತಾಲ್ಲೂಕಿನ ಒಂದು ಠಾಣೆಯಲ್ಲಿ ಕೈಯಡುಗೆ ಮಾಡಿಕೊಂಡು, ಅರ್ಧ ಸೀದದ್ದನ್ನು ಉಂಡುಕೊಂಡು ಇದ್ದವನು. ತೊಂಬತ್ತೆಂಟರಲ್ಲಿ ಹೊಸ ಡಬಲ್ ಆಕ್ಷನ್ ಪಿಸ್ತೂಲೊಂದು ಪರೀಕ್ಷೆಗೆಂದು ಇವನ ಕೈಗೆ ಬಂತು. "ಒಂದೂ ಸಿಕ್ಕಿಕೊಳ್ಳದ ಹಾಗೆ ಐವತ್ತು ಗುಂಡು ಹೊಡೆದು ತೋರಿಸು, ನಿನ್ನ ವರ್ಗಕ್ಕೆ ಅಲ್ಲೇ ಸಹಿ ಹಾಕ್ತೀನಿ," ಎಂದಿದ್ದರು ಮೈಸೂರಿನ ಸಾಹೇಬರು.

ಅವರು ಬರುವ ದಿನ ಬೆಳಿಗ್ಗೆ ಶಿವಮಲ್ಲಪ್ಪ ಸ್ನಾನ ಮುಗಿಸಿ ಠಾಣೆಗೆ ಬಂದು ನೋಡುತ್ತಾನೆ, ಮೇಜಿನ ಮೇಲಿದ್ದ ಪಿಸ್ತೂಲಿಗೆ ಮೂರು ಪಟ್ಟೆ ವಿಭೂತಿ, ಕುಂಕುಮ, ಮೇಲೊಂದು ಸೇವಂತಿಗೆ! ಇನ್ನೊಬ್ಬ ಹೆಡ್ ಕಾನ್‌ಸ್ಟೆಬಲ್ ಮಾರಯ್ಯ ಕಾಯಿ ಒಡೆದು ಕೈಮುಗಿದು ನಿಂತಿದ್ದ.

"ಅಯ್ಯೋ, ನಿನ್ ಮನೆ ಆಳಾಗ! ಏನ್ಲಾ ಮಾಡ್ದೆ?"

"ಒಸ ಬೈಕ್‌ನೇ ಪೂಜೆ ಮಾಡ್ದೆ ಓಡ್ಸಲ್ಲ. ಇದು ಗುಂಡ್ ಆರ್ಸೋ ಸಾಮಾನು ಕಣ್ಲಾ. ಕಾಯಿ ನೀರೂ ಒಂಚೂರು ಒಳಕ್ಕೆ ಬಿಟ್ಟಿವ್ನಿ, ತಣ್ಣಗಿರ್ಲಿ ಅಂತ."

ಶಿವಮಲ್ಲಪ್ಪ ಪಿಸ್ತೂಲೆತ್ತಿ ಬಗ್ಗಿಸಿ ನೋಡಿದ. ಒಳಗೆ ವಿಭೂತಿಯೂ ನೀರೂ ಕಲೆಸಿ ದೋಸೆ ಹಿಟ್ಟಾಗಿರಬೇಕು. ಒಂದು ಗುಂಡು ಸಿಕ್ಕಿಕೊಂಡರೂ ವರ್ಗಕ್ಕೆ ಎಳ್ಳುನೀರು. ಒರೆಸೋಣವೆಂದು ಬಟ್ಟೆ ಹುಡುಕುವಷ್ಟರಲ್ಲಿ ಸಾಹೇಬರ ಜೀಪು ಬಂದೇಬಿಟ್ಟಿತು.

ಊರಾಚೆ ಗುಡ್ಡದ ಬುಡದಲ್ಲಿ ಗುರಿ ನಿಲ್ಲಿಸಿದ್ದರು. ಶಿವಮಲ್ಲಪ್ಪ ನಂಜುಂಡೇಶ್ವರನನ್ನು ನೆನೆದು ಟ್ರಿಗರ್ ಎಳೆದ. ಇಂಥ ಪಿಸ್ತೂಲಿನಲ್ಲಿ ಮೊದಲ ಎಳೆತ ಬಲು ಬಿಗಿ, ಗುಂಡಿನ ಬೆನ್ನಿಗೆ ಪೆಟ್ಟು ಕೊಡುವ ಹ್ಯಾಮರನ್ನು ಎತ್ತುವುದೂ ಅದೇ, ಬಡಿಸುವುದೂ ಅದೇ, ಆಮೇಲಿನವು ಸಲೀಸು. ಢಂ ಎಂದಿತು. ಬೂದಿ ಹಾರಿ ಸಾಹೇಬರು ಎರಡು ಸಲ ಸೀನಿದರು. ಐವತ್ತು ಗುಂಡೂ ಹಾರಿದವು, ಒಂದೂ ಸಿಕ್ಕಿಕೊಳ್ಳಲಿಲ್ಲ.

ಸಾಹೇಬರು ಪಿಸ್ತೂಲು ಮುಟ್ಟಿದರು. ಬೆರಳೆಲ್ಲ ಕುಂಕುಮ. "ಏನಯ್ಯಾ ಇದು?"

"ಪರೀಕ್ಷೆ ಸಾ," ಎಂದ ಶಿವಮಲ್ಲಪ್ಪ. "ಧೂಳು, ನೀರು ಎಲ್ಲಾ ತುಂಬಿದ್ರೂ ಓಡುತ್ತಾ ಅಂತ ನೋಡ್ದೆ."

"ಸುಳ್ಳು ಸಾ, ಪೂಜೆ ಮಾಡಿದ್ದು ನಾನು," ಎಂದ ಮಾರಯ್ಯ, ಬಂದ ಪುಣ್ಯ ಬಿಟ್ಟುಕೊಡಲಾರದೆ.

ಸಾಹೇಬರು ಇಬ್ಬರನ್ನೂ ನೋಡಿದರು. "ಇಷ್ಟೆಲ್ಲಾ ಮೆತ್ತಿಸಿಕೊಂಡ ಪಿಸ್ತೂಲಲ್ಲಿ ಐವತ್ತು ಹೊಡೆದೆಯಲ್ಲಾ, ಭೇಷ್! ಇಂಥ ಕೈನ ಯಾರಾದ್ರೂ ಬಿಡ್ತಾರೇನಯ್ಯಾ? ಇನ್ಮೇಲೆ ಪರೀಕ್ಷೆಗೆ ಬರೋದೆಲ್ಲಾ ನಿನ್ನ ಹತ್ರಕ್ಕೇ. ನೀನು ಇಲ್ಲೇ ಇರು."

"ಸಾ, ವರ್ಗದ ಕಾಗದ..."

"ತಂದಿದ್ದೀನಿ." ಸಾಹೇಬರು ಶಿವಮಲ್ಲಪ್ಪನ ಹೆಸರಿಗೆ ಕಾಟು ಹಾಕಿ ಬೇರೊಂದು ಬರೆದರು. "ಈ ಪೂಜಾರಪ್ಪ ಪಿಸ್ತೂಲಿನ ಹತ್ತಿರ ಇರೋದು ಬೇಡ. ನಾಳೆಯೇ ನಂಜನಗೂಡಿಗೆ ಹೋಗಲಿ."

ಮಾರಯ್ಯ ಅಳುವುದೊಂದು ಬಾಕಿ. "ಅಯ್ಯೋ, ಬ್ಯಾಡಿ ಸಾ! ನನ್ನೆಡ್ತಿ ಇರೋದು ಇಲ್ಲೇ!"